ಅಜ್ಜಿಯ ಕೊಲೆಸ್ಟ್ರಾಲ್ ಮಾತ್ರೆ ಮತ್ತು ಲಿವರ್‌ನ ಸುಳಿವು

ಮಕ್ಕಳೇ, ನಿಮ್ಮ ಅಜ್ಜನೋ ಅಜ್ಜಿಯೋ ರಾತ್ರಿ ಊಟವಾದ ಮೇಲೆ ಕೊಲೆಸ್ಟ್ರಾಲ್ ಮಾತ್ರೆ ನುಂಗುವುದನ್ನು ನೋಡಿದ್ದೀರಾ? ಹೆಚ್ಚಿನವರು ತೆಗೆದುಕೊಳ್ಳುವುದು ಸ್ಟ್ಯಾಟಿನ್ ಎಂಬ ಗುಂಪಿನ ಔಷಧ. ಜಪಾನಿನ ವಿಜ್ಞಾನಿ ಅಕಿರಾ ಎಂಡೊ 1970ರ ದಶಕದಲ್ಲಿ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸಿದರು. ಕೊನೆಗೆ ಅಕ್ಕಿಯ ಮೇಲೆ ಬೆಳೆದ ನೀಲಿ-ಹಸಿರು ಬೂಷ್ಟಿನಲ್ಲಿ ಮೊದಲ ಸ್ಟ್ಯಾಟಿನ್ ಸಿಕ್ಕಿತು!

ಈ ಮಾತ್ರೆ ಕೆಲಸ ಮಾಡುವುದು ಮುಖ್ಯವಾಗಿ ಲಿವರ್‌ನಲ್ಲಿ, ಅಂದರೆ ಯಕೃತ್ತಿನಲ್ಲಿ. ಬಲಗಡೆ ಪಕ್ಕೆಲುಬುಗಳ ಮರೆಯಲ್ಲಿರುವ ಈ ಅಂಗ ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಕೊಲೆಸ್ಟ್ರಾಲ್ ತಯಾರಿಸುವುದೂ ಅದರ ಕೆಲಸ. ಮಾತ್ರೆ ಆ ತಯಾರಿಕೆಯನ್ನು ತಗ್ಗಿಸುತ್ತದೆ. ಇದರಿಂದ ರಕ್ತನಾಳಗಳಿಗೂ ಹೃದಯಕ್ಕೂ ರಕ್ಷಣೆ.

ಬಹುತೇಕರ ಲಿವರ್‌ಗೆ ಇದರಿಂದ ಏನೂ ತೊಂದರೆಯಾಗದು. ಕೆಲವರ ರಕ್ತದಲ್ಲಿ ಲಿವರ್‌ನ ಕಿಣ್ವಗಳು ಸ್ವಲ್ಪ ಏರುತ್ತವೆ. ಅದು ಮೈಗೆ ಗೊತ್ತಾಗುವುದಿಲ್ಲ, ರಕ್ತಪರೀಕ್ಷೆಯಲ್ಲಿ ಮಾತ್ರ ಕಾಣುತ್ತದೆ. ಅದಕ್ಕೇ ಮಾತ್ರೆ ಶುರುಮಾಡುವ ಮೊದಲೇ ವೈದ್ಯರು ಲಿವರ್ ಪರೀಕ್ಷೆ ಮಾಡಿಸುತ್ತಾರೆ.

ಲಿವರ್‌ಗೆ ನಿಜವಾದ ಪೆಟ್ಟು ಬೀಳುವುದು ತೀರಾ ಅಪರೂಪ. ಬಿದ್ದರೆ ಸುಳಿವು ಹೇಗೆ ಸಿಗುತ್ತದೆ? ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ. ಅವು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ಪಿತ್ತರಸದ ಜೊತೆ ಕರುಳಿಗೆ ಸಾಗಿಸುತ್ತದೆ. ಲಿವರ್ ಸೋತರೆ ಬಿಲಿರುಬಿನ್ ರಕ್ತದಲ್ಲೇ ಉಳಿದು ಕಣ್ಣಿನ ಬಿಳಿಭಾಗವನ್ನು ಹಳದಿ ಮಾಡುತ್ತದೆ. ಮೂತ್ರ ಹಾಲಿಲ್ಲದ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಜೊತೆಗೆ ವಿಪರೀತ ಸುಸ್ತು, ಊಟ ಸೇರದಿರುವುದು, ವಾಕರಿಕೆ, ಮೈ ತುರಿಕೆ, ಹೊಟ್ಟೆಯ ಮೇಲ್ಭಾಗದಲ್ಲಿ ಬಲಗಡೆ ನೋವು ಇರಬಹುದು.

ಕಣ್ಣಿನ ಬಣ್ಣವನ್ನು ಹಗಲಿನ ಬೆಳಕಿನಲ್ಲಿ ನೋಡಬೇಕು. ಹಳದಿ ಬಲ್ಬಿನ ಕೆಳಗೆ ತಿಳಿಯುವುದು ಕಷ್ಟ. ನೀರು ಕಡಿಮೆ ಕುಡಿದರೂ ಮೂತ್ರದ ಬಣ್ಣ ಗಾಢವಾಗುತ್ತದೆ, ಬಿ-ಕಾಂಪ್ಲೆಕ್ಸ್ ವಿಟಮಿನ್ ಮಾತ್ರೆ ನುಂಗಿದರೂ ಹಳದಿಯಾಗುತ್ತದೆ. ಕಣ್ಣು ಹಳದಿಯಾಗುವ ಈ ಕಾಮಾಲೆಗೆ ವೈರಸ್, ಪಿತ್ತಕೋಶದ ಕಲ್ಲು ಮುಂತಾದ ಬೇರೆ ಕಾರಣಗಳೂ ಉಂಟು. ಕಾರಣ ಯಾವುದೆಂದು ವೈದ್ಯರೇ ಪರೀಕ್ಷಿಸಿ ಹೇಳಬೇಕು.

ಹಾಗಾಗಿ ಹೆದರಿ ಅಜ್ಜಿಯ ಮಾತ್ರೆ ಬಚ್ಚಿಡಬೇಡಿ; ಅವರ ಹೃದಯಕ್ಕೆ ಅದು ಬೇಕು. ಕಣ್ಣು ಹಳದಿಯಾಗಿ ಕಂಡರೆ ಅಪ್ಪ-ಅಮ್ಮನಿಗೆ ಕೂಡಲೇ ಹೇಳಿ. ಅಜ್ಜಿ ಅವತ್ತೇ ವೈದ್ಯರನ್ನು ಕಾಣಲಿ. ಹೋಗುವಾಗ ಅಜ್ಜಿ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಿ ಇದ್ದರೆ ಅದನ್ನೂ ಚೀಲಕ್ಕೆ ಹಾಕಿಕೊಡಿ. ಮಾತ್ರೆ ನಿಲ್ಲಿಸಬೇಕೋ, ಬದಲಿಸಬೇಕೋ, ಮುಂದುವರಿಸಬೇಕೋ ಎಂದು ತೀರ್ಮಾನಿಸಲು ವೈದ್ಯರಿಗೆ ಅವೆಲ್ಲ ಬೇಕಾಗುತ್ತವೆ.