ನೀರಿನ ಹಾದಿಯಲ್ಲಿ ಸಿಕ್ಕಿದ ಗಾಳಿ



ನಮ್ಮ ಕಾರಡ್ಕದ ಕಡೆ ಸುರಂಗದ ನೀರನ್ನು ಕೊಳವೆಯ ಮೂಲಕ ತೋಟಕ್ಕೆ ಇಳಿಸುವುದನ್ನು ತಾವು ಬಲ್ಲಿರಿ. ಕೊಳವೆ ನಡುವೆ ಎಲ್ಲಿಯಾದರೂ ಮೇಲೆದ್ದು ಬಾಗಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡು, ಮೇಲೆ ನೀರಿದ್ದರೂ ಕೆಳಗಿನ ತೊಟ್ಟಿ ಬರಿದಾಗಿರುತ್ತದೆ. ಕಾರಿಗೆ ಹೊಸ ಕೂಲಂಟು ತುಂಬಿದಾಗಲೂ ಇದೇ ತೊಡಕು ಉಂಟಾಗುವುದುಂಟು.

ಎಂಜಿನಿನ ಕಾವನ್ನು ಹೊತ್ತು ರೇಡಿಯೇಟರಿಗೆ ಒಯ್ಯುವುದು ಈ ದ್ರವದ ಕೆಲಸ. ಗಾಳಿಗೆ ಆ ಶಕ್ತಿಯಿಲ್ಲ. ಅಷ್ಟೇ ಗಾತ್ರದ ನೀರು ಅದಕ್ಕಿಂತ 3,000 ಪಾಲಿಗೂ ಮಿಗಿಲಾಗಿ ಕಾವನ್ನು ಹಿಡಿಯಬಲ್ಲುದು. ಇನ್ನೊಂದು ಮೋಸವೂ ಇದೆ. ಕಾವನ್ನಳೆಯುವ ಸಾಧನದ ಸುತ್ತ ಗಾಳಿ ನಿಂತರೆ ಮುಳ್ಳು ನಿಜವನ್ನು ತೋರಿಸದು. ಜಾಲ್ಸೂರಿನ ಹಾದಿಯ ಏರಿನಲ್ಲಿ ಎಂಜಿನು ಬೇಯುತ್ತಿದ್ದರೂ ಚಾಲಕನು ನಿಶ್ಚಿಂತನಾಗಿರಬಹುದು.

ಆಯಾ ಕಾರಿನ ಕೈಪಿಡಿಯನ್ನು ಮೊದಲು ನೋಡತಕ್ಕದ್ದು. ಸಾಮಾನ್ಯ ಕ್ರಮ ಹೀಗಿದೆ. ತಣಿದ ಕಾರನ್ನು ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ದ್ರವವನ್ನು ನಿಧಾನವಾಗಿ ಹೊಯ್ಯಬೇಕು. ಗಾಳಿ ಬಿಡುವ ತಿರುಪು ಇದ್ದರೆ ಸಡಿಲಿಸಿ, ಗುಳ್ಳೆ ನಿಂತು ಬರಿಯ ದ್ರವ ಬಂದೊಡನೆ ಬಿಗಿಯಬೇಕು. ಬಳಿಕ ಹೀಟರನ್ನು (ನಮ್ಮ ಸೆಕೆಯಲ್ಲಿ ಅದರ ನೆನಪು ಯಾರಿಗೆ!) ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆರೆದಿರುವಂತೆಯೇ ಎಂಜಿನನ್ನು ಮೆಲ್ಲಗೆ ಓಡಗೊಡಬೇಕು. ಸುಮಾರು 80ರಿಂದ 90 ಡಿಗ್ರಿಗೆ ಥರ್ಮೋಸ್ಟಾಟು ತೆರೆದಾಗ ಗುಳ್ಳೆಗಳೆದ್ದು ಮಟ್ಟ ಇಳಿಯುತ್ತದೆ. ಮತ್ತೆ ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಬೇಕು.

ಮಕ್ಕಳೆ, ಮುಚ್ಚಳವಿಟ್ಟು ಓಡಿ ಕಾದ ಎಂಜಿನಿಗೆ ಮಾತ್ರ ಕೈಯಿಕ್ಕಬೇಡಿರಿ. ಒತ್ತಡದಲ್ಲಿರುವ ದ್ರವವು 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ; ಮುಚ್ಚಳ ಸಡಿಲಿದೊಡನೆ ಉಕ್ಕಿ ಮುಖಕ್ಕೆ ಚಿಮ್ಮುತ್ತದೆ. ವಿದ್ಯುತ್ತಿನ ಫ್ಯಾನು ಎಂಜಿನು ನಿಂತ ಮೇಲೂ ತಾನಾಗಿ ತಿರುಗೀತು. ಮರುದಿನ ಬೆಳಿಗ್ಗೆ, ತಣ್ಣಗಿರುವಾಗ, ಮಟ್ಟವನ್ನು ಇನ್ನೊಮ್ಮೆ ನೋಡಿದರಾಯಿತು.