ಮೊಳೆ, ತಂತಿ ಮತ್ತು ಒಂದು ಪ್ರಶ್ನೆ



ಭಾಷೆ ಕಲಿಸುವ ಮೇಷ್ಟ್ರಿಗೆ ವಿಜ್ಞಾನದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ವಿಜ್ಞಾನ ಶಿಕ್ಷಕರು ರಜೆಯಲ್ಲಿದ್ದ ಒಂದು ದಿನ ಅವರ ತರಗತಿ ನನ್ನ ಪಾಲಿಗೆ ಬಂತು. ಉರ್ದುವಿನಲ್ಲಿ ಬರ್ಕೀ ಮಕ್ನಾತೀಸ್, ಕನ್ನಡದಲ್ಲಿ ವಿದ್ಯುತ್ಕಾಂತ ಎಂದು ಹೇಳಿದೆ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು!

ಒಬ್ಬ ವಿದ್ಯಾರ್ಥಿನಿ ಮೊಳೆಗೆ 50 ಸುತ್ತು ತಂತಿ ಸುತ್ತಿ ಸೆಲ್ಲಿಗೆ ಜೋಡಿಸಿದಳು. ಗುಂಡುಸೂಜಿಗಳು ಅಂಟಿಕೊಂಡವು. ಸುತ್ತು ಹೆಚ್ಚಿದರೆ ಶಕ್ತಿ ಹೆಚ್ಚುತ್ತದೆಂದು ಪುಸ್ತಕದಲ್ಲಿದೆಯಲ್ಲ, ಅದರ ಮೇಲೆಯೇ ಇನ್ನೂ 50 ಸುತ್ತಿದಳು. ಈಗ ಒಂದು ಸೂಜಿ ಹಾಗೂ ಹೀಗೂ ತೂಗಾಡಿತು, ಅಷ್ಟೆ. "ಸರ್, ಪುಸ್ತಕದಲ್ಲಿರೋದು ಸುಳ್ಳಾ?" ಎಂದಳು. ಸೆಲ್ ಮುಗಿದಿರಬೇಕು, ಕೂತ್ಕೊ ಎಂದು ಗದರಿದೆ.

ಮನಸ್ಸು ತಡೆಯಲಿಲ್ಲ. ಮನೆಯಲ್ಲಿ ಅವಳ ಮೊಳೆಯನ್ನು ಬಿಚ್ಚಿ ನೋಡಿದೆ. ಮೊದಲ ಪದರ ಬಲಕ್ಕೆ ಸುತ್ತಿದ್ದಳು, ಹಿಂದಿರುಗುವಾಗ ಎಡಕ್ಕೆ. ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸಿಹಾಕಿತ್ತು.

ತಂತಿಯಲ್ಲಿ ವಿದ್ಯುತ್ ಹರಿದರೆ ಪಕ್ಕದ ದಿಕ್ಸೂಚಿ ತಿರುಗುತ್ತದೆಂದು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಕಂಡರು. ತಂತಿಯನ್ನು ಸುರುಳಿ ಮಾಡಿದರೆ ಪ್ರತಿ ಸುತ್ತಿನ ಕ್ಷೇತ್ರವೂ ಕೂಡಿಕೊಳ್ಳುತ್ತದೆ, ಆದರೆ ಎಲ್ಲ ಸುತ್ತುಗಳೂ ಒಂದೇ ದಿಕ್ಕಿನಲ್ಲಿರಬೇಕು. ನಡುವೆ ಕಬ್ಬಿಣವಿದ್ದರೆ ಆ ಕ್ಷೇತ್ರ ಎಷ್ಟೋ ಪಟ್ಟು ಬೆಳೆಯುತ್ತದೆ. ಇಂಗ್ಲೆಂಡಿನ ಸ್ಟರ್ಜನ್ ಬರಿಯ ತಂತಿ ಬಳಸಿದ್ದರಿಂದ ಸುತ್ತುಗಳನ್ನು ದೂರ ದೂರ ಇಡಬೇಕಾಯಿತು. ಅಮೆರಿಕದ ಆಲ್ಬನಿಯಲ್ಲಿ ಪಾಠ ಹೇಳುತ್ತಿದ್ದ ಜೋಸೆಫ್ ಹೆನ್ರಿ ತಂತಿಗೆ ರೇಷ್ಮೆ ಹೊದಿಸಿ, ಒತ್ತೊತ್ತಾಗಿ ಪದರ ಪದರವಾಗಿ ಸುತ್ತಿದರು. 1831ರಲ್ಲಿ ಅವರ ಕಾಂತ 900 ಕಿಲೋಗ್ರಾಂಗೂ ಹೆಚ್ಚು ಭಾರ ಎತ್ತಿತು. ಅವರೂ ಮೇಷ್ಟ್ರೇ, ನೋಡಿ.

ಮರುದಿನ ತರಗತಿಯ ಎದುರಿಗೇ ನನ್ನ ತಪ್ಪು ಒಪ್ಪಿಕೊಂಡೆ. ಅವಳು ನೂರು ಸುತ್ತನ್ನೂ ಒಂದೇ ಕಡೆಗೆ ಸುತ್ತಿದಳು. ಮೊದಲಿಗಿಂತ ಹೆಚ್ಚು ಸೂಜಿ ಎದ್ದವು, ಆದರೆ ಎರಡರಷ್ಟಲ್ಲ. ತಂತಿ ಉದ್ದವಾದಷ್ಟೂ ರೋಧ ಹೆಚ್ಚಿ ವಿದ್ಯುತ್ ಪ್ರವಾಹ ಕಡಿಮೆಯಾಗುತ್ತದೆ. ಲೆಕ್ಕಕ್ಕೆ ಬರುವುದು ಸುತ್ತು ಮತ್ತು ಪ್ರವಾಹದ ಗುಣಲಬ್ಧ. ಹಾಗೆಂದು ಪ್ರವಾಹ ಹೆಚ್ಚಿಸಲು ಯಾರೂ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಹಾಕಬೇಡಿ. ಅಲ್ಲಿರುವುದು 230 ವೋಲ್ಟ್, ಪ್ರಾಣ ಹೋದೀತು. ಸೆಲ್ಲಿನಲ್ಲೂ ತಂತಿ ಬಿಸಿಯಾಗುತ್ತದೆ, ಕೆಲವೇ ಕ್ಷಣ ಜೋಡಿಸಿ ತೆಗೆಯಿರಿ. ಅಲ್ಲದೆ ಕಬ್ಬಿಣಕ್ಕೂ ಒಂದು ಮಿತಿಯಿದೆ. ಅದು ತುಂಬಿದ ಮೇಲೆ ಪ್ರವಾಹ ಎಷ್ಟು ಹೆಚ್ಚಿಸಿದರೂ ಕ್ಷೇತ್ರ ಅಷ್ಟಾಗಿ ಬೆಳೆಯದು.

ಸೆಲ್ ಬಿಚ್ಚಿದ ಮೇಲೂ ಎರಡು ಸೂಜಿ ಅಂಟಿಕೊಂಡೇ ಇದ್ದವು. "ಇದ್ಯಾಕೆ ಸರ್?" ಎಂದಳು. ಮೆದು ಕಬ್ಬಿಣ ಕಾಂತತ್ವವನ್ನು ಬೇಗ ಬಿಟ್ಟುಕೊಡುತ್ತದೆ, ಉಕ್ಕಿನ ಮೊಳೆ ಸ್ವಲ್ಪ ಉಳಿಸಿಕೊಳ್ಳುತ್ತದೆ ಎಂದೆ. ಈ ಸಲ ಗದರಲಿಲ್ಲ.