ಹೊತ್ತಿಲ್ಲವೆಂಬ ಮಾತು



ಈ ಶ್ರಾವಣದಲ್ಲಿ ಮೊದಲು ಲಿಂಗಸೂಗೂರಿನಲ್ಲಿ ಐದು ದಿನ, ಅನಂತರ ಮಸ್ಕಿಯಲ್ಲಿ ಐದು ದಿನ ಪ್ರವಚನವಾಯಿತು. ನಿನ್ನೆಯಿಂದ ನಿಮ್ಮ ಸಿಂಧನೂರಿನಲ್ಲಿದ್ದೇವೆ. ಮೂರೂ ಊರುಗಳಲ್ಲಿ ಭಕ್ತರು ನಮಸ್ಕರಿಸಲು ಬಂದಾಗ ನಾವು ಒಂದು ಪ್ರಶ್ನೆ ಕೇಳಿದೆವು. "ಏನಪ್ಪಾ, ಲಿಂಗಪೂಜೆ ನಿತ್ಯ ನಡೆಯುತ್ತದೆಯೇ? ಒಂದಿಷ್ಟು ಓದು ನಡೆಯುತ್ತದೆಯೇ?" ಮೂರೂ ಊರುಗಳಲ್ಲಿ ಬಂದ ಉತ್ತರ ಒಂದೇ: ಹೊತ್ತಿಲ್ಲ.

ಲಿಂಗಸೂಗೂರಿನಲ್ಲಿ ಹಾಗೆ ಹೇಳಿದವನು ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿಯುವ ತರುಣ. "ಅಪ್ಪಾರ, ಈ ವಾರ ರಾತ್ರಿ ಪಾಳಿ, ಮುಂದಿನ ವಾರ ಹಗಲು ಪಾಳಿ. ಮುಂಜಾನಿ ಯಾವುದು, ಸಂಜಿ ಯಾವುದು ತಿಳಿಯವಲ್ದು. ಪೂಜಾ ಯಾವಾಗ ಮಾಡ್ಕೋಬೇಕ್ರಿ?" ಎಂದ. ಮಸ್ಕಿಯಲ್ಲಿ ಒಬ್ಬ ತಾಯಿ ಹೇಳಿದಳು: "ಮಕ್ಕಳಿಗೆ ಬುತ್ತಿ ಕಟ್ಟಬೇಕು, ಅತ್ತಿಯವರಿಗೆ ಗುಳಿಗಿ ಕೊಡಬೇಕು, ನಾನು ಎಂಟರ ಬಸ್ಸು ಹಿಡಿದು ಸಾಲಿಗೆ ಹೋಗಬೇಕು. ವಿಭೂತಿ ಹಚ್ಚಿಕೊಳ್ಳೋದೇ ಬಸ್ಸಿನಾಗ್ರಿ." ಇಲ್ಲಿ ನಿನ್ನೆ ರಾತ್ರಿ ಗಂಜಿನ ಅಡತ್ ವ್ಯಾಪಾರಸ್ಥರೊಬ್ಬರು ಬಂದಿದ್ದರು. ಅವರ ಉತ್ತರ ಮಾತ್ರ ಸ್ವಲ್ಪ ಶಾಸ್ತ್ರೋಕ್ತವಾಗಿತ್ತು. "ಸುಗ್ಗಿಯೊಳಗ ಉಣ್ಣಾಕ ಪುರುಸೊತ್ತಿರಂಗಿಲ್ರಿ ಅಪ್ಪಾರ. ಆದ್ರ ಕಾಯಕದಾಗ ಕೈಲಾಸ ಐತಿ ಅಂತ ಶರಣರೇ ಹೇಳ್ಯಾರಲ್ರಿ?" ಎಂದು ನಕ್ಕರು.

ಮೊದಲಿನ ಇಬ್ಬರನ್ನು ಕಂಡು ನಮಗೆ ಕನಿಕರವಾಯಿತು. ಮೂರನೆಯವರ ಮಾತಿಗೆ ಮಾತ್ರ ಉತ್ತರ ಕೊಡಲೇಬೇಕು. ಏಕೆಂದರೆ ಅವರು ಶರಣರ ಮಾತನ್ನೇ ತಂದು ಲಿಂಗಪೂಜೆಗೆ ಅಡ್ಡ ಇಟ್ಟರು. ಅವರೊಬ್ಬರೇ ಅಲ್ಲ, ಇಂದು ನಮ್ಮ ಸಮಾಜದಲ್ಲಿ ಓದಿದವರೂ ಓದದವರೂ ಇದೇ ಮಾತನ್ನು ಛತ್ರಿಯಂತೆ ಬಿಚ್ಚಿ ಹಿಡಿಯುತ್ತಾರೆ.

ಆ ಮಾತು ಯಾರದು? ಆಯ್ದಕ್ಕಿ ಮಾರಯ್ಯನವರದು. ಅವರು ದೂರದ ದೇಶದವರಲ್ಲ. ಲಿಂಗಸೂಗೂರು ತಾಲೂಕಿನ ಗುರುಗುಂಟಾ ಬಳಿಯ ಅಮರೇಶ್ವರ ಕ್ಷೇತ್ರಕ್ಕೆ ನಿಮ್ಮಲ್ಲಿ ಎಷ್ಟೋ ಜನ ಜಾತ್ರೆಗೆ ಹೋಗಿ ಬಂದಿದ್ದೀರಿ. ಆ ದಂಪತಿಗಳು ಅಲ್ಲಿಂದಲೇ ಕಲ್ಯಾಣಕ್ಕೆ ಹೋದರೆಂದು ಪರಂಪರೆ ಹೇಳುತ್ತದೆ. ಅವರ ವಚನಗಳ ಅಂಕಿತದಲ್ಲಿಯೂ ಆ ಅಮರೇಶ್ವರಲಿಂಗನೇ ಇದ್ದಾನೆ. ಅಂದಮೇಲೆ ಈ ಮೂರು ತಾಲೂಕಿನವರು ಆ ಮಾತನ್ನು ಬಳಸುವಾಗ ಸ್ವಲ್ಪ ಹೆಚ್ಚು ಎಚ್ಚರದಿಂದ ಬಳಸಬೇಕು, ಮನೆಯ ಹಿರಿಯರ ಮಾತಿನಂತೆ.

ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆತರೂ ಸಲ್ಲುತ್ತದೆ ಎಂಬ ಅಭಿಪ್ರಾಯವನ್ನು ಮಾರಯ್ಯನವರು ಹೇಳಿದ್ದುಂಟು. ನಾವು ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೇಳಿದವರ ಬದುಕನ್ನು ನೋಡಿರಿ. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಶರಣರ ಅನುಭಾವದ ಮಾತುಗಳಲ್ಲಿ ಮೈಮರೆತು ಕುಳಿತುಬಿಟ್ಟರು. ಆಗ ಮಡದಿ ಲಕ್ಕಮ್ಮನವರು ಎಚ್ಚರಿಸಿದರು, ಕಾಯಕ ನಿಂತಿದೆ, ಏಳಿರಿ ಎಂದು. ಇನ್ನೊಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಆಗಲೂ ಅದೇ ತಾಯಿ ತಡೆದರು. ಇದು ನಮ್ಮ ಅಳತೆಯದಲ್ಲ, ಆಸೆಯ ಅಕ್ಕಿ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರಿ ಎಂದು ಹಿಂದಕ್ಕೆ ಕಳುಹಿಸಿದರು.

ಈಗ ವಿಚಾರ ಮಾಡಿರಿ. ಹೆಚ್ಚಾದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬಂದವನ ಕಾಯಕ ಅದು. ತಂದದ್ದೆಲ್ಲ ದಾಸೋಹಕ್ಕೆ ಸಂದ ಕಾಯಕ ಅದು. ಅಂಥ ದುಡಿಮೆಯಲ್ಲಿ ಕೈ ತೊಡಗಿದಾಗ ಕೈಯೇ ಪೂಜೆ ಮಾಡುತ್ತಿರುತ್ತದೆ. ಮತ್ತೊಂದು ಮಾತು. 'ಮರೆಯುವುದು' ಬೇರೆ, 'ಬಿಡುವುದು' ಬೇರೆ. ಮರೆಯಬೇಕಾದರೆ ಮೊದಲು ನೆನೆದಿರಬೇಕು. ಮಗುವಿಗೆ ಹಾಲು ಕುಡಿಸುತ್ತ ತಾಯಿ ತನ್ನ ಹಸಿವನ್ನು ಮರೆಯುತ್ತಾಳೆ. ಹಸಿವೇ ಇಲ್ಲದವಳು ಏನನ್ನು ಮರೆತಾಳು? ವರ್ಷಗಟ್ಟಲೆ ಕರಡಿಗೆ ತೆರೆಯದವನು 'ನಾನು ಕಾಯಕದಲ್ಲಿ ಪೂಜೆಯನ್ನು ಮರೆತೆ' ಎಂದರೆ ಮಾರಯ್ಯನವರು ಒಪ್ಪಿದರೂ ಲಕ್ಕಮ್ಮನವರು ಒಪ್ಪುವುದಿಲ್ಲ. (ಗಂಜಿನ ತೂಕದ ವಿಷಯವನ್ನು ಇಂದು ಎತ್ತುವುದಿಲ್ಲ. ಅದಕ್ಕೆ ಬೇರೆ ದಿನವೇ ಬೇಕು.)

ಹೊತ್ತು ನಿಜವಾಗಿಯೂ ಇಲ್ಲವೇ? ಸಿಂಧನೂರಿನ ರೈತರನ್ನೇ ಕೇಳುತ್ತೇವೆ. ಮುನಿರಾಬಾದಿನಿಂದ ತುಂಗಭದ್ರೆಯ ಎಡದಂಡೆ ಕಾಲುವೆ ಹರಿದುಬಂದ ಮೇಲೆ ಈ ಒಣನೆಲ ನೆಲ್ಲಿನ ನಾಡಾಯಿತು. ಕಾಲುವೆಯ ಕೊನೆಭಾಗದ ಹೊಲದವನಿಗೆ ನೀರಿನ ಪಾಳಿ ರಾತ್ರಿ ಎರಡು ಗಂಟೆಗೆ ಬಂದರೂ ಅವನು ಬ್ಯಾಟರಿ ಹಿಡಿದು, ಹೆಗಲ ಮೇಲೆ ಸಲಿಕೆ ಇಟ್ಟು ಹೋಗುತ್ತಾನೆ. ಹಾವಿಗೆ ಅಂಜುವುದಿಲ್ಲ, ಚಳಿಗೆ ಅಂಜುವುದಿಲ್ಲ. 'ಇವತ್ತು ಹೊತ್ತಿಲ್ಲ, ನಾಳೆ ನೋಡೋಣ' ಎಂದು ಯಾರಾದರೂ ಮಲಗಿದ್ದುಂಟೇ? ಇಲ್ಲ. ಏಕೆಂದರೆ ಪಾಳಿ ತಪ್ಪಿದರೆ ನೀರು ಕಾಯುವುದಿಲ್ಲವೆಂದು ಅವನು ಬಲ್ಲ. ಲಿಂಗವಾದರೋ ಕೊರಳಲ್ಲಿಯೇ ಕಾಯುತ್ತದೆ, ಬೈಯುವುದಿಲ್ಲ, ದಂಡ ಹಾಕುವುದಿಲ್ಲ. ಅದು ಕಾಯುತ್ತದೆಯೆಂಬ ಸಲಿಗೆಯಿಂದಲೇ ನಾವು ಅದನ್ನು ಕೊನೆಗೆ ತಳ್ಳುತ್ತೇವೆ. ಇದು ಹೊತ್ತಿನ ಕೊರತೆಯಲ್ಲ, ಅಂಜಿಕೆಯ ಕೊರತೆ. ಅಥವಾ ಪ್ರೀತಿಯ ಕೊರತೆ ಎನ್ನಿರಿ.

2024ರ ಆಗಸ್ಟ್ 10ರ ರಾತ್ರಿಯನ್ನು ನೀವು ಮರೆತಿರಲಾರಿರಿ. ಅದೂ ಶ್ರಾವಣವೇ. ತುಂಬಿದ ಜಲಾಶಯದ ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಮೂವತ್ತೆರಡು ಗಟ್ಟಿಯಾಗಿದ್ದರೂ ಒಂದರ ಬಾಯಿಂದ ನೀರು ಹೊಳೆಗೆ ಹೊರಟಿತು. ಹರಿಯುವ ನೀರಿನಲ್ಲಿಯೇ ತಡೆಗೇಟು ಇಳಿಸಿ ಒಂದು ವಾರದಲ್ಲಿ ಅದನ್ನು ನಿಲ್ಲಿಸಿದರು, ಅದು ಸಾಹಸವೇ ಸರಿ. ಆ ವಾರ ನಿಮ್ಮ ಮನೆಗಳಲ್ಲಿ ಒಲೆ ಹೇಗೆ ಉರಿಯಿತು ಎಂಬುದನ್ನು ನಾವು ಕೇಳಿ ಬಲ್ಲೆವು. ನಿತ್ಯಪೂಜೆ ದಿನದ ಒಂದು ಸಣ್ಣ ಕೊಂಡಿ. ಗಳಿಕೆ ತುಂಬಿದೆ, ಮನೆ ತುಂಬಿದೆ, ಎಲ್ಲ ಗಟ್ಟಿಯಾಗಿದೆ ಎಂದುಕೊಂಡಿರುವಾಗ ಮನಸ್ಸು ಎಲ್ಲಿಂದ ಬರಿದಾಗುತ್ತಿದೆಯೆಂದು ತಿಳಿಯದೆ ಎಷ್ಟೋ ಜನ ನಮ್ಮ ಬಳಿಗೆ ಬಂದು ಅಳುತ್ತಾರೆ. ದುಡ್ಡಿದ್ದವರೇ ಹೆಚ್ಚು ಅಳುತ್ತಾರೆ.

ಬೇರೆಯವರ ಮಾತು ಸಾಕು. ನಮ್ಮ ತಪ್ಪನ್ನೇ ಹೇಳುತ್ತೇವೆ. ಪೀಠಕ್ಕೆ ಬಂದ ಕೆಲವು ವರ್ಷಗಳಿಗೆ ಮಠದಲ್ಲಿ ವಿದ್ಯಾರ್ಥಿಗಳ ಪ್ರಸಾದ ನಿಲಯವನ್ನು ಕಟ್ಟಿಸುತ್ತಿದ್ದೆವು. ಸಿಮೆಂಟು, ಕಬ್ಬಿಣ, ಗೌಂಡಿಗಳ ಬಟವಾಡೆ, ಇದೇ ಧ್ಯಾನ. ಒಂದು ಮುಂಜಾನೆ ಪೂಜೆಗೆ ಕುಳಿತೆವು, ಮುಗಿಸಿ ಎದ್ದೆವು, ಕಟ್ಟಡದ ಕಡೆ ನಡೆದೆವು. ನಮ್ಮ ಪೂಜೆಗೆ ಅಗ್ಘವಣಿ ತುಂಬಿಡುತ್ತಿದ್ದ ಒಬ್ಬ ವೃದ್ಧ ಸೇವಕ ಗಿಂಡಿಯನ್ನು ಕೈಯಲ್ಲಿ ಹಿಡಿದು ಹಿಂದೆಯೇ ಬಂದ. "ಅಪ್ಪಾರ, ತುಂಬಿಟ್ಟಿದ್ದು ತುಂಬಿದಂಗ ಐತ್ರಿ" ಎಂದ. ಅಷ್ಟೇ. ಇನ್ನೇನೂ ಹೇಳಲಿಲ್ಲ. ಲಿಂಗಕ್ಕೆ ಒಂದು ಹನಿ ನೀರೂ ಬಿದ್ದಿರಲಿಲ್ಲ. ಬಾಯಿ ಮಂತ್ರ ಹೇಳಿತ್ತು, ಕೈ ಬಟವಾಡೆಯ ಲೆಕ್ಕ ಮಾಡಿತ್ತು. ಹನ್ನೆರಡು ವರ್ಷ ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಆಗಮವನ್ನೂ ಓದಿದವರ ಸ್ಥಿತಿ ಇದು. ಅಂದು ನಾವು ಮತ್ತೆ ಸ್ನಾನ ಮಾಡಿ ಕುಳಿತೆವು. ಕಟ್ಟಡ ಅಂದೇನೂ ಬೀಳಲಿಲ್ಲ. ಆದ್ದರಿಂದ ಭಕ್ತರು ಹೊತ್ತಿಲ್ಲವೆಂದಾಗ ನಮಗೆ ಸಿಟ್ಟು ಬರುವುದಿಲ್ಲ, ಆ ಗಿಂಡಿ ಕಣ್ಣೆದುರಿಗೆ ಬರುತ್ತದೆ.

ಮಸ್ಕಿಯವರು ಪುಣ್ಯವಂತರು. ಅವರ ಊರಿನ ಬಂಡೆಯ ಮೇಲೆ ಒಬ್ಬ ಚಕ್ರವರ್ತಿ ಇಂಥದೇ ತಪ್ಪೊಪ್ಪಿಗೆಯ ಅಂಚಿಗೆ ಬಂದಿದ್ದಾನೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಆ ಬರೆಹವನ್ನು ಕಂಡರು. ಅದುವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಮಾತ್ರ ಇತ್ತು. ಅಶೋಕನೆಂಬ ಹೆಸರು ಸ್ಪಷ್ಟವಾಗಿ ದೊರೆತದ್ದು ಮಸ್ಕಿಯಲ್ಲಿ. ಇದನ್ನು ಶಾಲೆಯ ಮಕ್ಕಳೂ ಬಲ್ಲರು. ಒಳಗೆ ಏನಿದೆಯೆಂದು ಕೇಳಿದರೆ ದೊಡ್ಡವರೂ ಸುಮ್ಮನಾಗುತ್ತಾರೆ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿತು, ಸಂಘದ ಸಮೀಪಕ್ಕೆ ಹೋದಮೇಲೆ ಧರ್ಮದಲ್ಲಿ ಉತ್ಸಾಹ ತೋರಿದೆ ಎಂಬುದು ಅದರ ಭಾವ. ಇದೇ ಶಾಸನದ ಬ್ರಹ್ಮಗಿರಿಯ ಪ್ರತಿಯಲ್ಲಿ, ಮೊದಮೊದಲು ತಾನು ಹೆಚ್ಚಿನ ಪ್ರಯತ್ನ ಮಾಡಲಿಲ್ಲವೆಂದು ಬಾಯಿಬಿಟ್ಟೇ ಹೇಳಿದ್ದಾನೆ. ಅವನ ಧರ್ಮ ಬೇರೆ, ನಮ್ಮ ಧರ್ಮ ಬೇರೆ, ಆ ಮಾತು ಹಾಗಿರಲಿ. ಅಷ್ಟು ದೊಡ್ಡ ರಾಜ್ಯವನ್ನು ಆಳುವವನಿಗಿಂತ ಹೆಚ್ಚಿನ ಗಡಿಬಿಡಿ ನಮಗಿದೆಯೇ? ಅವನು ಹೊತ್ತಿರಲಿಲ್ಲವೆಂದು ಕೆತ್ತಿಸಲಿಲ್ಲ, ಪ್ರಯತ್ನ ಸಾಲಲಿಲ್ಲವೆಂದು ಕೆತ್ತಿಸಿದ. ಮಸ್ಕಿಯ ಬಂಡೆ ಇನ್ನೂ ಒಂದು ಮಾತನ್ನು ಹೇಳುತ್ತದೆ: ಈ ಫಲ ದೊಡ್ಡವರಿಗೆ ಮಾತ್ರವೆಂದು ತಿಳಿಯಬೇಡಿರಿ, ಸಣ್ಣವನಿಗೂ ಸಿಕ್ಕುತ್ತದೆ ಎಂದು.

ಇನ್ನು ಆ ಗಣಿಯ ತರುಣನಿಗೆ ನಾವು ಹೇಳಿದ್ದನ್ನು ನಿಮಗೂ ಹೇಳುತ್ತೇವೆ. ತ್ರಿಕಾಲಪೂಜೆ ವಿಧಿ, ಅದರಲ್ಲಿ ಸಂಶಯವಿಲ್ಲ. ಮೂರು ಸಾಧ್ಯವಾಗದವನು ಒಂದನ್ನು ಹಿಡಿಯಬೇಕು, ಮೂರೂ ಆಗಲಿಲ್ಲವೆಂದು ಒಂದನ್ನೂ ಬಿಡಬಾರದು. ಗಡಿಯಾರದಲ್ಲಿ ಇಷ್ಟೇ ಗಂಟೆ ಎಂದು ಅವನಿಗೆ ಹೇಳಲು ಬರುವುದಿಲ್ಲ. 'ಪಾಳಿ ಮುಗಿದು ಸ್ನಾನವಾದ ಕೂಡಲೆ, ಅನ್ನಕ್ಕಿಂತ ಮೊದಲು' ಎಂದು ಗಂಟು ಹಾಕಿಕೊಳ್ಳಬೇಕು. ಪಾಳಿ ತಿರುಗಿದಂತೆ ಪೂಜೆಯೂ ತಿರುಗಲಿ, ಗಂಟು ಬಿಚ್ಚದಿರಲಿ. ಗುಡಿಗೆ ಹೋಗಬೇಕು, ಬಾಗಿಲು ತೆರೆದಿರಬೇಕು, ಅರ್ಚಕನಿರಬೇಕು ಎಂಬ ತೊಡಕು ನಮಗಿಲ್ಲ. ಶರಣರು ದೇವರನ್ನು ಕೊರಳಿಗೇ ಕಟ್ಟಿ ಹೋಗಿದ್ದಾರೆ. ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟು, ನೀರೆರೆದು, ಒಂದು ಪತ್ರೆಯನ್ನೇರಿಸಿ, ದೃಷ್ಟಿಯನ್ನು ಅಲ್ಲಿಯೇ ನಿಲ್ಲಿಸಿ ನೂರೆಂಟು ಸಲ ಪಂಚಾಕ್ಷರಿ ಜಪಿಸಲು ಎಷ್ಟು ಹೊತ್ತು ಬೇಕು? ಹದಿನೈದು ಇಪ್ಪತ್ತು ನಿಮಿಷ. ಮೊಬೈಲು ಪಕ್ಕದ ಕೋಣೆಯಲ್ಲಿರಲಿ. ಅದು ಮಡಿಲಲ್ಲಿದ್ದರೆ ನಮ್ಮ ಗಿಂಡಿಯ ಕಥೆಯೇ ನಿಮಗೂ ಆದೀತು.

ಮಸ್ಕಿಯ ತಾಯಿಗೆ ನಾವು ಏನನ್ನೂ ಹೇಳಲಿಲ್ಲ. ಅವಳ ಯಜಮಾನರನ್ನು ಕರೆಸಿದೆವು. "ಮುಂಜಾನೆ ಇಪ್ಪತ್ತು ನಿಮಿಷ ಮಕ್ಕಳ ಬುತ್ತಿಯನ್ನು ನೀವು ಕಟ್ಟಿರಿ" ಎಂದೆವು. ಅವರು ತಲೆ ಕೆರೆದುಕೊಂಡು, "ಆಗಲ್ರಿ ಅಪ್ಪಾರ" ಎಂದರು. ಕಟ್ಟುತ್ತಾರೋ ಇಲ್ಲವೋ, ಮುಂದಿನ ಶ್ರಾವಣಕ್ಕೆ ತಿಳಿದೀತು. ಹೆಣ್ಣಿಗೂ ಲಿಂಗ ಕಟ್ಟಿದ ಧರ್ಮ ನಮ್ಮದು. ಕಟ್ಟಿದ ಮೇಲೆ ಅವಳ ಪೂಜೆಗೆ ಹೊತ್ತು ಬಿಡಿಸಿಕೊಡುವುದು ಮನೆಯವರ ಹೊಣೆ.

ಓದಿನ ಮಾತು ಉಳಿಯಿತು. 'ಸಿದ್ಧಾಂತಶಿಖಾಮಣಿ'ಯಲ್ಲಿ ತಪಸ್ಸು, ಕರ್ಮ, ಜಪ, ಧ್ಯಾನ, ಜ್ಞಾನ ಎಂದು ಐದು ಶಿವಯಜ್ಞಗಳನ್ನು ಹೇಳಿದೆ. ಲಿಂಗಾರ್ಚನೆ ಅಲ್ಲಿ ಕರ್ಮವೆನಿಸಿದರೆ, ಶೈವಾಗಮಗಳ ಅರ್ಥವನ್ನು ತಿಳಿಯುವುದೇ ಜ್ಞಾನವೆನಿಸುತ್ತದೆ. ಅಂದರೆ ಓದು ಪೂಜೆಯ ಬಾಲವಲ್ಲ, ಅದೂ ಒಂದು ಯಜ್ಞ. ಇದಕ್ಕೆ ಹೊತ್ತು ಮಾಡಿಕೊಂಡವರು ಹೇಗಿದ್ದರೆಂದು ತಿಳಿಯಬೇಕಾದರೆ ವಿಜಯಪುರದ ಫ.ಗು. ಹಳಕಟ್ಟಿಯವರನ್ನು ನೆನೆಯಿರಿ. ಅವರು ವಕೀಲರು. ಕೋರ್ಟಿನ ಕೆಲಸ, ಮೇಲೆ ಶಿಕ್ಷಣ ಸಂಸ್ಥೆ, ಸಹಕಾರಿ ಬ್ಯಾಂಕು ಇವುಗಳ ಓಡಾಟ. ಅದರ ನಡುವೆಯೇ ಮನೆಮನೆಗಳ ಜಂತಿಯಲ್ಲಿ ಧೂಳು ಹಿಡಿದಿದ್ದ ತಾಡೋಲೆಗಳನ್ನು ಹುಡುಕಿ, ಓದಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಗಳಿಸಿದ್ದನ್ನು ಅದಕ್ಕೇ ಸುರಿದು, 1964ರಲ್ಲಿ ಲಿಂಗೈಕ್ಯರಾಗುವವರೆಗೆ ಬಡತನದಲ್ಲಿಯೇ ಬದುಕಿದರು. ಅವರು ಹೊತ್ತಿಲ್ಲವೆಂದಿದ್ದರೆ, ನಿನ್ನೆ ಆ ವ್ಯಾಪಾರಸ್ಥರು ನಮಗೆ ತಿರುಗಿ ಹೇಳಿದ ಮಾರಯ್ಯನವರ ಮಾತು ಅವರ ಕೈಗೆ ಸಿಕ್ಕುತ್ತಿತ್ತೋ ಇಲ್ಲವೋ!

ನಿಮಗೆ ತಾಡೋಲೆ ಓದಲು ಹೇಳುವುದಿಲ್ಲ. ದಿನಕ್ಕೆ ಒಂದೇ ವಚನ. ಅದನ್ನು ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟು ಎರಡು ಸಲ ಓದಿರಿ, ಮಕ್ಕಳ ಕಿವಿಗೂ ಬೀಳಲಿ. ನಮ್ಮ ಪಾಠಶಾಲೆಯ ಗುರುಗಳು ಅರ್ಥ ಹೇಳುವ ಮೊದಲು ಹತ್ತು ಸಲ ಪಠಿಸಲು ಹೇಳುತ್ತಿದ್ದರು. ಅರ್ಥವಾಗದ ಪದವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ, ಪ್ರವಚನಕ್ಕೆ ಬರುವಾಗ ತನ್ನಿರಿ. ಲಿಂಗಸೂಗೂರಿನಲ್ಲಿ ಒಬ್ಬ ಹುಡುಗಿ ಹದಿನೇಳು ಪದಗಳ ಚೀಟಿ ತಂದಿದ್ದಳು. ಅದರಲ್ಲಿ ಎರಡಕ್ಕೆ ನಾವು ಮಠಕ್ಕೆ ಹೋಗಿ ನೋಡಿ ಹೇಳುತ್ತೇವೆಂದು ಒಪ್ಪಿಕೊಳ್ಳಬೇಕಾಯಿತು.

ನಾಳೆ ಮುಂಜಾನೆ ಐದೂವರೆಗೆ ಇದೇ ಮಂಟಪದಲ್ಲಿ ಸಾಮೂಹಿಕ ಲಿಂಗಪೂಜೆ ಇದೆ. ಆರು ಗಂಟೆಗೆ ಮುಗಿಸುತ್ತೇವೆ, ಹೊಲಕ್ಕೆ ಹೋಗುವವರಿಗೂ ಗಂಜಿಗೆ ಹೋಗುವವರಿಗೂ ತಡವಾಗುವುದಿಲ್ಲ. ಪತ್ರೆ, ವಿಭೂತಿ ಇಲ್ಲಿ ಇರುತ್ತವೆ. ಗಿಂಡಿಯನ್ನು ಮಾತ್ರ ಮನೆಯಿಂದ ತನ್ನಿರಿ. ಕರಡಿಗೆಯ ದಾರ ಹರಿದಿದ್ದವರು ಸಂಕೋಚ ಪಡಬೇಡಿರಿ, ಶಿವದಾರವನ್ನು ಮಠದಿಂದ ಕೊಡುತ್ತಾರೆ. ನಿನ್ನೆಯ ಆ ವ್ಯಾಪಾರಸ್ಥರು ಹಿಂದಿನ ಸಾಲಿನಲ್ಲಿ ಕುಳಿತಿರುವುದು ನಮಗೆ ಕಾಣುತ್ತಿದೆ. ಅವರೂ ಬರಲಿ.